ನಾರಿನ್‌ನಿಂದ ಬರುತ್ತಿದ್ದ ಒಬ್ಬರು

ರಾಜಧಾನಿ ಬಿಷ್ಕೆಕ್‌ನ ಒಂದು ಸುದ್ದಿತಾಣದ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಎಂದರೆ ಒಂದು ಜಗಳ ಖಾಯಂ. ಹಿಂದಿನ ವಾರ ತಾಣ ನೋಡಿದವರು ಎಷ್ಟು ಮಂದಿ, ಯಾವ ಊರಿನವರು, ಯಾವ ಬ್ರೌಸರ್‌ನಲ್ಲಿ ನೋಡಿದರು, ಅವರ ಪರದೆಯ ಅಗಲವೆಷ್ಟು ಎತ್ತರವೆಷ್ಟು ಎಂಬ ಲೆಕ್ಕವನ್ನು ಆ ದಿನ ತೆರೆಯುತ್ತಿದ್ದರು. ತೆರೆದದ್ದೇ ತಡ, ಫೈರ್‌ಫಾಕ್ಸ್‌ನವರು ಒಂದು ಕಡೆ, ಒಪೆರಾದವರು ಒಂದು ಕಡೆ. ಯಾವ ಕುದುರೆ ಮೇಲು ಎಂದು ನಮ್ಮ ಅಜ್ಜಂದಿರು ಕಿತ್ತಾಡುತ್ತಿದ್ದರು. ಮೊಮ್ಮಕ್ಕಳಿಗೆ ಕುದುರೆ ಇಲ್ಲ, ಬ್ರೌಸರ್ ಸಿಕ್ಕಿದೆ.

ಕನಿಶಾಯ್ ಆ ಗದ್ದಲಕ್ಕೆ ಸೇರುತ್ತಿರಲಿಲ್ಲ. ತಾಣದ ಪುಟಗಳನ್ನು ಕಟ್ಟುವವಳು ಅವಳೇ ಆದರೂ ಅವಳ ಕಣ್ಣು ಹುಡುಕುತ್ತಿದ್ದುದು ಲೆಕ್ಕದ ತೀರಾ ತಳದಲ್ಲಿ, ಯಾರೂ ಇಣುಕದ ಒಂದು ಸಾಲನ್ನು. ಊರು ನಾರಿನ್, ಬ್ರೌಸರ್ ಓಬೀರಾಯನ ಕಾಲದ ಒಪೆರಾ, ಪರದೆ ಎಂಟುನೂರಕ್ಕೆ ಆರುನೂರು. ನೋಡಿದವರು ಒಬ್ಬರು. ದಿನವೂ ಬೆಳಗಿನ ಚಹಾದ ಹೊತ್ತು ಮುಗಿದ ಮೇಲೆ ಬರುತ್ತಿದ್ದ ಆ ಒಬ್ಬರು ಅವಳ ಅಪ್ಪ.

ಬೇರೆ ಯಾರಿರಲು ಸಾಧ್ಯ? ಅವಳಪ್ಪ ಸಗಿನ್‌ಬೆಕ್ ಮೇಷ್ಟ್ರು ನಾರಿನ್‌ನಲ್ಲಿ ಆಯುಷ್ಯವಿಡೀ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಶಾಲೆಯವರು ಬೇಡವೆಂದು ಬಿಟ್ಟ, ಹಿಂಬದಿ ದಪ್ಪಗಿದ್ದ ಕಂಪ್ಯೂಟರನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಅದಕ್ಕೆ ಒಪೆರಾ ಹಾಕಿಕೊಟ್ಟವಳು ಕಾಲೇಜಿನಲ್ಲಿದ್ದ ಕನಿಶಾಯ್. ಆಮೇಲೆ ಎಷ್ಟು ಹೊಸದು ಬಂದರೂ ಅದನ್ನು ತೆಗೆಯಲು ಅಪ್ಪ ಬಿಡಲಿಲ್ಲ. ರಜೆಗೆ ಹೋದಾಗೆಲ್ಲ ಅವಳು ಪರದೆಯನ್ನು ಸಾವಿರದ ಇಪ್ಪತ್ತನಾಲ್ಕಕ್ಕೆ ಏರಿಸುವುದು, ಅವಳ ಬಸ್ಸು ಹೊರಡುವ ಮೊದಲೇ ಅಪ್ಪ ಎಂಟುನೂರಕ್ಕೆ ಇಳಿಸುವುದು, ಇದು ಆ ಮನೆಯ ಆಟವಾಗಿತ್ತು.

"ಅಕ್ಷರ ಎಲ್ಲಾ ಇರುವೆ ಸಾಲು ಆಗೋಯ್ತು. ಮೊದ್ಲಿನ ಥರಾನೇ ಮಾಡು."

"ಅಪ್ಪಾ, ಜಗತ್ತು ಎಲ್ಲಿಗೋ ಮುಂದೆ ಹೋಗಿದೆ."

"ಹೋಗ್ಲಿ ಬಿಡು. ಭೂಮಿ ಗುಂಡಗಿದೆ, ತಿರುಗಿ ನಮ್ಮನೆ ಮುಂದೇನೇ ಬರ್ಬೇಕು."

ಅವಳು ಬಿಷ್ಕೆಕ್‌ಗೆ ಬಂದ ಮೇಲೂ ಕಂಪ್ಯೂಟರಿಗೆ ಸಣ್ಣ ನೆಗಡಿಯಾದರೆ ಫೋನು ಅವಳಿಗೇ. ಪಕ್ಕದ ಮನೆಯಲ್ಲೇ ತಿಳಿದವರಿದ್ದರೂ ಮುಟ್ಟಲು ಬಿಡುತ್ತಿರಲಿಲ್ಲ. "ಮಗಳೇ, ನಿನ್ನ ಒಪೆರಾ ಮುನಿಸ್ಕೊಂಡಿದೆ, ಸ್ವಲ್ಪ ಸಮಾಧಾನ ಮಾಡು," ಎನ್ನುತ್ತಿದ್ದ. ಕಂಪ್ಯೂಟರಿನ ಮಾತು ಎರಡು ನಿಮಿಷ, ಉಳಿದದ್ದೆಲ್ಲ ಹರಟೆ.

ಆ ಹರಟೆ ನಿಂತು ಎರಡು ವರ್ಷವಾಗಿತ್ತು. ಗಂಡನ ಹೊಡೆತ ತಾಳಲಾರದೆ ಕನಿಶಾಯ್ ಮಗಳು ಐಪೆರಿಯನ್ನು ಎತ್ತಿಕೊಂಡು ತವರಿಗೆ ಬಂದ ದಿನ, ನೆಂಟರೆಲ್ಲ ಕೂಡಿದ್ದ ಹೊತ್ತಿನಲ್ಲಿ, ಅಪ್ಪ ಆ ದರಿದ್ರ ಗಾದೆಯನ್ನು ಬಾಯಿಗೆ ತಂದುಕೊಂಡ. "ಕಲ್ಲು ಬಿದ್ದಲ್ಲೇ ಭಾರ, ಮಗಳೇ." ಹೆಣ್ಣು ಕೊಟ್ಟ ಮನೆಯಲ್ಲೇ ಇದ್ದರೆ ಮಾನ ಎಂದು. ಎಷ್ಟು ಹೆಣ್ಣುಮಕ್ಕಳ ಬದುಕು ತಿಂದಿದೆಯೋ ಆ ಗಾದೆ. "ನಿನಗೆ ಮಗಳಿಗಿಂತ ಊರಿನ ಬಾಯಿ ದೊಡ್ಡದು, ಅದರ ಜೊತೇಲೇ ಬಾಳು," ಎಂದಳು ಇವಳು. ಎಲ್ಲರೆದುರು ಮಗಳು ಹಾಗೆಂದ ಮೇಲೆ ಮೇಷ್ಟ್ರ ಮೀಸೆ ನಡುಗಿತು. "ಇವತ್ತಿಂದ ಈ ಮನೇಲಿ ಇವಳ ಹೆಸರು ಯಾರೂ ಎತ್ತಬೇಡಿ." ಆಡಿದ ಮಾತು ಎಸೆದ ಕಲ್ಲು, ಎರಡೂ ವಾಪಸು ಬರುವುದಿಲ್ಲ. ಅವಳು ಮಗುವಿನೊಂದಿಗೆ ಬಿಷ್ಕೆಕ್‌ನ ಬಸ್ಸು ಹತ್ತಿದಳು. ಅಮ್ಮ ಮಾತ್ರ ಪೇಟೆಗೆ ಹೋದಾಗ ಕದ್ದು ಫೋನು ಮಾಡುತ್ತಿದ್ದಳು, ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು.

ಹೆಸರೆತ್ತಬೇಡಿ ಎಂದವನು ದಿನವೂ ಅವಳು ಕಟ್ಟಿದ ಪುಟದ ಮುಂದೆ ಬಂದು ಕೂರುತ್ತಿದ್ದ. ಅಪ್ಪನ ಪರದೆಯಲ್ಲಿ ಒಂದಕ್ಷರವೂ ಆಚೆ ಹೋಗದಂತೆ ಅವಳು ಇಡೀ ತಾಣವನ್ನು ಕಿರಿದಾಗಿಯೇ ಇಟ್ಟಿದ್ದಳು. ಜೂನ್ ಒಂದರ ಮಕ್ಕಳ ದಿನಕ್ಕೆ ಓದುಗರ ಮಕ್ಕಳ ಚಿತ್ರಗಳ ನಡುವೆ ಐಪೆರಿಯದನ್ನೂ ಸೇರಿಸಿದಳು. ಮರುದಿನ ನೋಡಿದರೆ ನಾರಿನ್‌ನ ಆ ಒಬ್ಬರು ಬೆಳಗಿನಿಂದ ಸಂಜೆಯವರೆಗೆ ಅದೇ ಪುಟವನ್ನು ಮತ್ತೆ ಮತ್ತೆ ತೆರೆದಿದ್ದರು. ಅವಳು ಕಚೇರಿಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇಷ್ಟು ಪ್ರೀತಿ ಇಟ್ಟುಕೊಂಡು ಒಂದು ಫೋನು ಮಾಡಲು ಏನು ಧಾಡಿ? ಅವಳಿಗೆ ಬೇಕಾಗಿದ್ದುದು ಅದೊಂದೇ. ಅಪ್ಪ ತಾನಾಗಿ ಫೋನು ಮಾಡಬೇಕು, 'ಮಗಳೇ' ಎನ್ನಬೇಕು. ತಾನೇ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಲಿಲ್ಲ. ತಾಯಿಯಂತೆ ಮಗಳು ಎನ್ನುವ ಮಾತು ಆ ಮನೆಯಲ್ಲಿ ಸುಳ್ಳಾಗಿತ್ತು, ಅವಳದು ಅಡಿಯಿಂದ ಮುಡಿಯವರೆಗೆ ಅಪ್ಪನ ಹಠ.

ಆಗಸ್ಟ್‌ನಲ್ಲಿ ಕಚೇರಿಯ ಯಜಮಾನ ತಲಾಂತ್ ಹೊಸ ವಿನ್ಯಾಸದ ಮಾತು ತೆಗೆದ. ಎಲ್ಲರೂ ಬೈಕೆ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಅವನಿಗೆ ನಗಿಸಿ ಚುಚ್ಚುವುದು ಅಭ್ಯಾಸ.

"ಈ ಎಂಟುನೂರರ ಪರದೆಯವರು ಇನ್ನೂ ಬದುಕಿದ್ದಾರಾ? ಅವರ ಕಂಪ್ಯೂಟರಿಗೆ ಕರೆಂಟಲ್ಲ, ಸಗಣಿ ಬೆರಣಿ ಹಾಕ್ಬೇಕೇನೋ. ಕನಿಶಾಯ್, ನಾಲ್ಕು ಮುದುಕರಿಗೋಸ್ಕರ ನಮ್ಮ ತಾಣಕ್ಕೆ ಎಷ್ಟು ದಿನ ಚಿಕ್ಕ ಅಂಗಿ ತೊಡಿಸ್ತೀಯ?"

ಪ್ರತಿ ಸಲವೂ ಮೈಮೇಲೆ ಬಿದ್ದು ವಾದಿಸುತ್ತಿದ್ದವಳು ಈ ಸಲ, "ಸರಿ ಬೈಕೆ, ತೆಗೆದುಬಿಡೋಣ," ಎಂದಳು. ತಲಾಂತ್ ಚಹಾದ ಬಟ್ಟಲನ್ನು ಬಾಯಿಗೆ ಒಯ್ಯುವುದನ್ನೇ ಮರೆತ.

ಅವಳ ತಲೆಯಲ್ಲೊಂದು ಉಪಾಯ ಹೊಳೆದಿತ್ತು. ಪುಟ ಕೆಟ್ಟರೆ ಅಪ್ಪ ಯಾರನ್ನು ಕೇಳುತ್ತಾನೆ? ಇನ್ನಾರನ್ನು ಕೇಳಿದ್ದಾನೆ ಇಷ್ಟು ವರ್ಷ? ಹಳೆಯ ಬ್ರೌಸರಿನವರಿಗೆ ಸುದ್ದಿಯನ್ನಾದರೂ ತೋರಿಸುವ ಸಾದಾ ಪುಟವೊಂದನ್ನು ಇಡುವುದು ಅವಳಿಗೆ ಅರ್ಧ ದಿನದ ಕೆಲಸ. ಬೇಕೆಂದೇ ಇಡಲಿಲ್ಲ. ಅದರ ಬದಲು, ದಪ್ಪ ಅಕ್ಷರದಲ್ಲಿ, ಇಷ್ಟು ಬರೆದಳು: 'ನಿಮ್ಮ ಬ್ರೌಸರ್ ತುಂಬ ಹಳೆಯದು. ಇದರಲ್ಲಿ ಈ ಪುಟ ಬರುವುದಿಲ್ಲ. ಗೊತ್ತಿದ್ದವರನ್ನು ಕೇಳಿ.' ಕೊನೆಯ ಮಾತು ಬರೆಯುವಾಗ ಅವಳಿಗೆ ನಗುವೇ ಬಂತು. ಕೇಳು, ಕೇಳು, ಗೊತ್ತಿದ್ದವಳನ್ನು ಕೇಳು.

ಸೆಪ್ಟೆಂಬರ್‌ನಲ್ಲಿ ಹೊಸ ತಾಣ ಬಂತು. ಮೊದಲ ದಿನ ನಾರಿನ್‌ನ ಒಬ್ಬರು ಬಂದು ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದು ಲೆಕ್ಕದಲ್ಲಿ ಕಂಡಿತು. ಅವಳು ಫೋನನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡಳು. ಊಟಕ್ಕೆ ಹೋದಾಗಲೂ ಅಂಗೈಯಲ್ಲೇ ಇತ್ತು. ಅದು ಬಡಿದುಕೊಂಡಾಗೆಲ್ಲ ಯಾರದೆಂದು ನೋಡಿದಳು, ಅಪ್ಪನ ಕರೆಯಲ್ಲ. ಆ ವಾರ ಕಳೆಯಿತು. ಒಬ್ಬರು ಮತ್ತೆ ಬರಲಿಲ್ಲ. ಅಕ್ಟೋಬರ್ ಹೋಯಿತು, ಹಿಮ ಬಿತ್ತು, ಲೆಕ್ಕದ ತಳದಲ್ಲಿ ಆ ಸಾಲೇ ಇಲ್ಲವಾಯಿತು. ಅಮ್ಮನನ್ನು ಕೇಳಿದರೆ, "ನಿಮ್ಮಪ್ಪನಿಗೇನು, ಚೆನ್ನಾಗೇ ಇದ್ದಾರೆ," ಎಂದು ಬೇರೆ ಮಾತಿಗೆ ಹೊರಳುತ್ತಿದ್ದಳು. ಫೋನು ಮಾಡುವುದಕ್ಕಿಂತ ಮಗಳ ಪುಟವನ್ನೇ ಬಿಟ್ಟನಲ್ಲ ಎಂದು ಕನಿಶಾಯ್‌ಗೆ ಸಿಟ್ಟು ಬಂತು. ಅವನಿಗೆ ಅಷ್ಟಿದ್ದರೆ ನನಗೆ ಇಷ್ಟಿರಲಿ ಎಂದುಕೊಂಡಳು. ಆ ಸಾದಾ ಪುಟವನ್ನು ಇಡೀ ಚಳಿಗಾಲ ಹಾಕಲಿಲ್ಲ.

ಮಾರ್ಚ್‌ನಲ್ಲಿ ಹೊಸ ವರ್ಷದ ಹಬ್ಬ ನೊವ್ರುಜ್ ಬಂತು. ನಮ್ಮಲ್ಲಿ ಆ ಹಬ್ಬದ ದಿನ ಮನೆಗೆ ಜುನಿಪರ್ ಸೊಪ್ಪಿನ ಹೊಗೆ ಹಿಡಿದು, ಹಳೆಯ ಜಗಳವನ್ನು ಅದರ ಜೊತೆ ಹೊರಗೆ ಕಳಿಸಬೇಕು. ಆ ದಿನ ಬಾಗಿಲಿಗೆ ಬಂದವರನ್ನು ಶತ್ರುವಾದರೂ ಹಿಂದಕ್ಕೆ ಕಳಿಸುವಂತಿಲ್ಲ. ಐಪೆರಿಗೆ ಐದು ತುಂಬಿತ್ತು, ಅಜ್ಜ ಎಂದರೆ ಯಾರು ಎಂದು ಕೇಳತೊಡಗಿದ್ದಳು. ಕನಿಶಾಯ್ ಯಾರಿಗೂ ಹೇಳದೆ ಅವಳಿಗೆ ಹೊಸ ಕೋಟು ತೊಡಿಸಿ, ನಸುಕಿನಲ್ಲೇ ನಾರಿನ್‌ನ ಬಾಡಿಗೆ ಕಾರು ಹತ್ತಿದಳು. ದೊಲೊನ್ ಘಾಟಿನಲ್ಲಿ ಇನ್ನೂ ಹಿಮವಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ನೀನೂ ಸೋಲಬೇಡ, ನಾನೂ ಸೋಲುವುದಿಲ್ಲ, ಹಬ್ಬಕ್ಕೆ ಬಂದಿದ್ದೇನೆ, ಅಷ್ಟೇ.

ಬಾಗಿಲು ತೆಗೆದ ಅಮ್ಮ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಒಳಗೆ ಅಪ್ಪ, ಹಬ್ಬದ ತಿನಿಸು ಹರಡಿದ ದಸ್ತರ್‌ಖಾನ್ ಹಾಸುಬಟ್ಟೆಯ ತಲೆಯ ಕಡೆ, ಗೋಡೆಗೆ ಒರಗಿ ಕೂತಿದ್ದ. ಬಹಳ ಇಳಿದುಹೋಗಿದ್ದ.

"ಅಪ್ಪಾ, ಹಬ್ಬದ ಶುಭಾಶಯ."

ಅಪ್ಪ ಅವಳ ಕಡೆ ನೋಡಲಿಲ್ಲ. ಕಿಟಕಿಯ ಕಡೆಗೇ ಮುಖ ಇಟ್ಟುಕೊಂಡು, "ಬಂದ್ಯಾ. ಕೂತ್ಕೋ," ಎಂದ. ಅಮ್ಮ ಚಹಾದ ಕೆಟಲಿಗೆ ಕೈಹಾಕಿದಳು. "ನಾನೇ ಹಾಕ್ಕೊಡ್ತೀನಿ, ಕೊಡಿಲ್ಲಿ," ಎಂದ ಅಪ್ಪ. ಅಮ್ಮ ಬೇಡವೆಂದಳು, ಅವನು ಕೈ ಚಾಚಿಯೇ ಇದ್ದ. ಕೊನೆಗೆ ಕೆಟಲು ಅವನ ಕೈಗೆ ಹೋಯಿತು. ಆ ಮನೆಯಲ್ಲಿ ಅಪ್ಪ ಯಾರಿಗೂ ಚಹಾ ಬಗ್ಗಿಸಿದ್ದನ್ನು ಕನಿಶಾಯ್ ಕಂಡಿರಲಿಲ್ಲ. ಅವಳ ಜೀವ ಕರಗಿತು.

ಅಪ್ಪ ಬಟ್ಟಲಿಗೆ ಚಹಾ ಬಗ್ಗಿಸಿದ. ಅರ್ಧಕ್ಕೆ ನಿಲ್ಲಿಸಲಿಲ್ಲ. ಬಟ್ಟಲು ಕಂಠದವರೆಗೂ ತುಂಬಿತು.

ಅವಳ ಮುಖಕ್ಕೆ ಹೊಡೆದಂತಾಯಿತು. ನಮ್ಮಲ್ಲಿ ಬೇಕಾದವರಿಗೆ ಬಟ್ಟಲಿನ ತಳದಲ್ಲಿ ಎರಡು ಗುಟುಕು ಕೊಡುತ್ತಾರೆ, ಮತ್ತೆ ಮತ್ತೆ ಕೇಳಲಿ, ಹೆಚ್ಚು ಹೊತ್ತು ಕೂರಲಿ ಎಂದು. ತುಂಬಿಸಿ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದು. ಹಾಲು ಕುಡಿಯುವ ಮಗುವಿಗೂ ಗೊತ್ತು ಅದು. ಹಬ್ಬದ ದಿನ, ಮೊಮ್ಮಗಳ ಎದುರಿಗೆ, ತನ್ನ ಕೈಯಾರೆ. ಅವಳು ದಡಕ್ಕನೆ ಎದ್ದು ಐಪೆರಿಯ ಕೋಟು ಎಳೆದುಕೊಂಡಳು.

"ಆಯ್ತಪ್ಪಾ, ಅರ್ಥ ಆಯ್ತು. ಹೊರಡ್ತೀವಿ."

ಅಪ್ಪ ಇನ್ನೂ ಬಗ್ಗಿಸುತ್ತಿದ್ದ. ಚಹಾ ಬಟ್ಟಲು ತುಳುಕಿ ಬಟ್ಟೆಯ ಮೇಲೆ ಹರಿದು, ಕರಿದ ಹಿಟ್ಟಿನ ಬೊರ್ಸೊಕ್‌ಗಳನ್ನು ನೆನೆಸಿ, ಅವನ ಮಂಡಿಯತ್ತ ಬರುತ್ತಿತ್ತು. ಬಿಸಿ ತಾಗಿದ ಮೇಲೆ ಅವನ ಕೈ ನಿಂತಿತು.

"ತುಂಬಿಹೋಯ್ತೇನೇ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

ಅಮ್ಮ ಕೆಟಲು ಕಿತ್ತುಕೊಂಡಳು. "ಕಣ್ಣು ಕಾಣಲ್ಲ ಮಗಾ ಇವರಿಗೆ. ಹೇಳಿದ್ರೆ ಕನಿಕರಕ್ಕೆ ಬರ್ತಾಳೆ, ಹಾಗೆ ಬರೋದು ಬೇಡ ಅಂತ ನನ್ನ ಬಾಯಿ ಕಟ್ಟಿಹಾಕಿದ್ರು."

ಕನಿಶಾಯ್‌ಳ ಕೈಯಿಂದ ಕೋಟು ಕೆಳಗೆ ಬಿತ್ತು. ಅಪ್ಪನ ಎದುರು ಮಂಡಿಯೂರಿ ಅವನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣುಗಳು ಅವಳನ್ನು ದಾಟಿ ಎಲ್ಲೋ ಇದ್ದವು.

"ಯಾವಾಗ ಹೋಯ್ತಪ್ಪಾ?"

"ಒಂದೇ ದಿನಕ್ಕೆ ಹೋಗುತ್ತಾ? ವರ್ಷಗಟ್ಲೆ ಅಂಚಿಂದ ಕತ್ತಲು ಬರ್ತಾ ಇತ್ತು. ನಡುವೆ ಒಂದು ಕಿಂಡಿಯಷ್ಟು ಉಳಿದಿತ್ತು. ಹಠಕ್ಕಲ್ಲ ಮಗಳೇ ನಾನು ದಪ್ಪ ಅಕ್ಷರ ಬೇಕು ಅಂತಿದ್ದಿದ್ದು. ಆ ಕಿಂಡೀಲಿ ನಿನ್ನ ಪುಟ ಓದ್ತಿದ್ದೆ. ನಿನ್ನ ಪುಟ ಒಂದೇ ಓದ್ತಿದ್ದೆ. ಚಳಿ ಶುರುವಾಗೋ ಹೊತ್ತಿಗೆ ಅದೂ ಬರೋದು ನಿಲ್ತು. ಏನೋ ಎರಡು ಸಾಲು ಬಂತು. ಮೂಗು ಗಾಜಿಗೆ ಒತ್ತಿ ಓದಿದೆ. ಅದಾದ್ಮೇಲೆ ಇನ್ನೇನೂ ಓದ್ಲಿಲ್ಲ."

ಆ ಕಣ್ಣುಗಳು ಕೊನೆಯದಾಗಿ ಓದಿದ್ದು ತಾನು ನಗುತ್ತ ಬರೆದ ಸಾಲು. ಅದನ್ನು ನುಂಗಿಕೊಂಡು ಕೂರಬಹುದಿತ್ತು. ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವಳಿಂದ ಆಗಲಿಲ್ಲ.

"ಅದು ನಾನು ಬರ್ದಿದ್ದು ಅಪ್ಪಾ. ಬೇಕಂತಲೇ. ದಿನಾ ಬರೋದು ನೀನೇ ಅಂತ ನನಗೆ ಗೊತ್ತಿತ್ತು. ಪುಟ ಕೆಟ್ರೆ ನೀನು ಫೋನ್ ಮಾಡ್ತೀಯ ಅಂತ ಮಾಡ್ದೆ."



"ಮಾಡಿದ್ನಲ್ಲ," ಎಂದ ಅಪ್ಪ.

"ಇಲ್ಲಪ್ಪಾ. ನನಗೆ ಬಂದಿಲ್ಲ."

"ಗೊತ್ತಿದ್ದವರನ್ನ ಕೇಳಿ ಅಂತಿತ್ತು. ನನಗೆ ಗೊತ್ತಿದ್ದವಳು ನೀನಲ್ದೆ ಇನ್ಯಾರು? ನಿನ್ನ ನಂಬರ್ ಬಾಯಿಪಾಠ ಇದೆ, ಆದ್ರೆ ಫೋನಿನ ಮೇಲೆ ಅಂಕಿ ಕಾಣ್ಲಿಲ್ಲ. ನಿಮ್ಮಮ್ಮನ್ನ ಕೇಳೋಣ ಅಂದ್ರೆ ಯಾವ ಬಾಯಲ್ಲಿ ಕೇಳ್ಲಿ, ಹೆಸರೆತ್ತಬೇಡಿ ಅಂದವನು ನಾನೇ. ಅಂದಾಜಲ್ಲಿ ಒತ್ತಿದೆ. ಯಾರೋ ಗಂಡಸು ಎತ್ತಿದ. ಇಟ್ಟು, ಹಸಿರು ಗುಂಡಿ ಮತ್ತೆ ಒತ್ತಿದೆ, ಮತ್ತೆ ಅವನೇ. ಕನಿಶಾಯ್‌ಗೆ ಕೊಡಪ್ಪಾ, ನಾನು ಅವಳಪ್ಪ ಅಂದೆ. ಅವನು, ಇಲ್ಲಿ ನಿಮ್ಮ ಮಗಳು ಯಾರೂ ಇಲ್ಲ, ಇನ್ನು ಫೋನ್ ಮಾಡ್ಬೇಡಿ ಅಂದ."

"ಅವನು ಯಾರೋ ಅಪ್ಪಾ. ನಂಬರ್ ತಪ್ಪಿತ್ತು."

"ಈಗ ಗೊತ್ತಾಯ್ತು. ಆವತ್ತು ನೀನು ಅಲ್ಲೇ ಪಕ್ಕದಲ್ಲಿ ಕೂತು ಹೇಳಿಸ್ತಿದ್ದೀಯ ಅನ್ಕೊಂಡೆ. ನಾನು ನಿನಗೆ ಅಂದಿದ್ದನ್ನೇ ನೀನು ನನಗೆ ಅಂದೆ, ಅದರಲ್ಲೇನು ತಪ್ಪು ಅನ್ಕೊಂಡು ಸುಮ್ನಾದೆ. ಆಮೇಲೆ ಡಾಕ್ಟರ ಹತ್ರ ಹೋಗಿ ಅಂತ ನಿಮ್ಮಮ್ಮ ಗೋಗರೆದಳು. ಇನ್ನು ಯಾವುದನ್ನ ನೋಡೋಕೆ ಅಂತ ಹೋಗ್ಲಿಲ್ಲ ನಾನು. ತಡವಾಗಿ ಹೋದಾಗ ಡಾಕ್ಟ್ರು ಅಂದ್ರು, ಆಗಲೇ ಬಂದಿದ್ರೆ ಕಿಂಡಿಯನ್ನಾದ್ರೂ ಉಳಿಸಬಹುದಿತ್ತು ಅಂತ."

ಕನಿಶಾಯ್ ಅವನ ಒದ್ದೆಯಾದ ಮಂಡಿಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತಳು. ಅಪ್ಪನ ಕೈ ಅವಳ ಕೂದಲಿನ ಮೇಲೆ ಬಂತು, ಹಣೆ, ಹುಬ್ಬು, ಮೂಗು ಎಂದು ಒಂದೊಂದನ್ನೇ ಮುಟ್ಟಿ ನೋಡಿತು.

"ಬಡವಾಗಿದ್ದೀಯ ಮಗಳೇ," ಎಂದ ಅಪ್ಪ.