ಅಮ್ಮನ ಗೋಡೆಗಳು

"ಅತ್ತೆ, ಇದೇ ಕೊನೆ. ಇನ್ನೊಂದು ಮನೆ ಕಲಿಯೋ ಕಷ್ಟ ನಿಮಗೆ ಕೊಡಲ್ಲ."

ಇವರು ನಮ್ಮಮ್ಮನಿಗೆ ಹೀಗೆ ಮಾತು ಕೊಟ್ಟಾಗ ನಮ್ಮ ಮಗಳು ಗೋಡೆ ಹಿಡಿದು ನಿಲ್ಲುವ ವಯಸ್ಸಿನವಳು. ಅಮ್ಮನೂ ಪಕ್ಕದಲ್ಲಿ ಗೋಡೆ ಹಿಡಿದೇ ನಿಂತಿದ್ದಳು. ಒಬ್ಬಳು ನಡೆಯುವುದನ್ನು ಕಲಿಯುತ್ತಿದ್ದಳು, ಇನ್ನೊಬ್ಬಳು ಕಣ್ಣನ್ನು ನಂಬದೆ ನಡೆಯುವುದನ್ನು.

ಅಮ್ಮನದು ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ಹೋದ ನೋಟ ವಾಪಸು ಬರುವುದಿಲ್ಲ. ಇರುವುದನ್ನು ಹನಿ ಹಾಕಿಕೊಂಡು ಆದಷ್ಟು ಕಾಲ ತಳ್ಳಬೇಕು, ಅಷ್ಟೆ. ಮೊದಲು ಹೋದದ್ದು ಅಂಚು. ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿಗಿನದಷ್ಟೇ ಕಾಣುತ್ತಿತ್ತು, ವರ್ಷ ಕಳೆದಂತೆ ಆ ಕೊಳವೆಯೂ ಸಣ್ಣದಾಗುತ್ತ ಬಂತು. ನಮ್ಮಲ್ಲಿಗೆ ಬರುವ ಮುಂಚೆ ಅವಳು ನನ್ನ ಅಣ್ಣನ ಜೊತೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದಿದ್ದಳು. ಪ್ರತಿ ಸಲವೂ ಬಚ್ಚಲು ಬೇರೆ ಕಡೆ, ಮೆಟ್ಟಿಲು ಬೇರೆ ಎತ್ತರ. ಕತ್ತಲಲ್ಲಿ ಅಡುಗೆಮನೆ ಎಂದುಕೊಂಡು ಬೀದಿ ಬಾಗಿಲು ತೆಗೆದು ಹೊರಟವಳನ್ನು ಪಕ್ಕದ ಮನೆಯವರು ಕೈಹಿಡಿದು ತಂದುಬಿಟ್ಟದ್ದೂ ಇತ್ತು. ಅದನ್ನೆಲ್ಲ ಕೇಳಿಯೇ ಇವರು ಆ ಮಾತು ಆಡಿದ್ದು.

ನಮ್ಮ ಮನೆಯನ್ನು ಅಮ್ಮ ಅಂಗೈಯಿಂದ ಕಲಿತಳು. ತನ್ನ ಕೋಣೆಯಿಂದ ಹೊರಟು, ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು, ಕ್ಯಾಲೆಂಡರಿನ ಮೊಳೆ, ಸ್ವಿಚ್ಚು, ಒರಟು ಗಾರೆ, ಬಾಗಿಲ ಚೌಕಟ್ಟು ಎಲ್ಲ ದಾಟಿ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಹೊಸಬರು ಬಂದರೆ ಅವಳಿಗೆ ಕಣ್ಣು ಕಾಣದೆಂದು ಗೊತ್ತೇ ಆಗುತ್ತಿರಲಿಲ್ಲ. ಅವಳ ಕೈ ಸವರಿದ ಎತ್ತರಕ್ಕೆ ಸುಣ್ಣದ ಮೇಲೆ ಉದ್ದಕ್ಕೂ ಒಂದು ಮಾಸಲು ಪಟ್ಟೆ ಮೂಡಿತ್ತು. ಮನೆಗೆ ಬಣ್ಣ ಹೊಡೆಸಿದಾಗಲೂ ಇವರು ಅದನ್ನು ಮುಟ್ಟಗೊಡಲಿಲ್ಲ, ಅದು ಅತ್ತೆಯ ರಸ್ತೆ ಎನ್ನುತ್ತಿದ್ದರು. ಮಗಳು ದೊಡ್ಡವಳಾದ ಮೇಲೆ ಆ ರಸ್ತೆಗೆ ಅಡ್ಡ ನಿಂತು ಟಿಕೆಟ್ ಕೇಳುತ್ತಿದ್ದಳು. ಅಮ್ಮ ಅವಳ ಕಿವಿ ಹಿಂಡಿ ಮುಂದೆ ಹೋಗುತ್ತಿದ್ದಳು.

ನಮ್ಮದು ಮನೆ ಸಾಮಾನು ಸಾಗಿಸುವ ಕೆಲಸ. ಇವರು ಲಾರಿ ನೋಡಿಕೊಳ್ಳುತ್ತಿದ್ದರು, ನಾನು ಪಾತ್ರೆ, ಗಾಜು, ಕನ್ನಡಿಗಳನ್ನು ಕಾಗದ ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಿದ್ದೆ. ಒಳಗಿನ ಕೋಣೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಬರಬೇಕು; ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಪೇರಿಸಬೇಕು; ಹೊರುವವರು ಓಡಾಡುವುದಕ್ಕೆ ನಡು ಖಾಲಿ ಇರಬೇಕು. ಈ ಕೆಲಸದ ಅ ಆ ಇ ಈ ಅದು. ಜನ ಮೊದಲು ಏನು ಕಟ್ಟಿಸುತ್ತಾರೆ ಎಂಬುದರ ಮೇಲೆ ಇವರು ಅವರ ಮನೆಯ ಕಥೆ ಹೇಳಿಬಿಡುತ್ತಿದ್ದರು. ಟೀವಿ ಮೊದಲು ಬಂದರೆ ಸಂಬಳ ಏರಿದೆ, ಗಂಡ ಹೆಂಡತಿಯ ಬಟ್ಟೆ ಬೇರೆ ಬೇರೆ ಪೆಟ್ಟಿಗೆಗೆ ಹೋದರೆ ಮುಂದಿನ ವರ್ಷ ಎರಡು ಲಾರಿ ಬೇಕಾಗುತ್ತೆ, ಹೀಗೆ. ನಗುತ್ತಿದ್ದೆವು. ಊರಿನವರ ಮನೆ ಖಾಲಿ ಮಾಡಿಸುವುದೇ ನಮ್ಮ ಹೊಟ್ಟೆಪಾಡಾಗಿತ್ತು.

ಮನೆಯನ್ನು ಒತ್ತೆಯಿಟ್ಟು ಎರಡನೆಯ ಲಾರಿ ತೆಗೆದುಕೊಂಡೆವು. ಅದೇ ನಮ್ಮನ್ನು ನುಂಗಿತು. ಇಳಿಜಾರಿನಲ್ಲಿ ಅದು ಒಂದು ಮನೆಯ ಪೂರ್ತಿ ಸಾಮಾನಿನ ಸಮೇತ ಮಗುಚಿತು, ವಿಮೆಯವರು ಕೈಯೆತ್ತಿದರು. ಆ ಮನೆಯವರಿಗೆ ಪರಿಹಾರ ಕೊಡುವುದಕ್ಕೆ ಇನ್ನೊಂದು ಸಾಲ, ಅದರ ಬಡ್ಡಿಗೆ ಮತ್ತೊಂದು. ಕೊನೆಗೆ ವಕೀಲರನ್ನು ಹಿಡಿದು ದಿವಾಳಿ ಅರ್ಜಿ ಹಾಕಿಕೊಂಡೆವು. ಲಾರಿಗಳು ಹೋದವು. ಇವರು ಬೇರೆಯವರ ಲಾರಿಗೆ ಡ್ರೈವರಾದರು, ನಾನು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದೆ. ಮನೆ ಹರಾಜಿಗೆ ಬರುವುದು ಖಚಿತವಾಯಿತು. ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ವಕೀಲರು ಬಾಯಿಬಿಟ್ಟು ಹೇಳಿದರು: ಅವಸರ ಪಡಬೇಡಿ. ಹರಾಜು ಮುಗಿದು, ಕೊಂಡವರು ಬಂದು ಏಳಿ ಅನ್ನುವವರೆಗೂ ಮನೆ ನಿಮ್ಮದೇ. ಸಾಲದ ಕಂತೂ ಕಟ್ಟಬೇಕಿಲ್ಲ, ಬಾಡಿಗೆಯೂ ಇಲ್ಲ. ಆ ತಿಂಗಳುಗಳಲ್ಲಿ ಉಳಿಸಿದ್ದೇ ನಿಮ್ಮ ಮುಂದಿನ ಮನೆಯ ಮುಂಗಡ. ಈಗಲೇ ಬಿಟ್ಟು ಹೋದಿರೋ, ಅಲ್ಲಿ ಬಾಡಿಗೆ ತೆರಬೇಕು, ಇಲ್ಲಿಯ ತೆರಿಗೆ, ನೀರು, ಬಿದ್ದ ಹೆಂಚು ಎಲ್ಲ ನಿಮ್ಮ ತಲೆಗೇ.

ಅದೇ ವಾರ ಕಣ್ಣಿನ ಡಾಕ್ಟರು ಬೇರೆ ಹೇಳಿದರು. ಅಮ್ಮನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದು, ಉಳಿದಿರುವ ನೋಟ ಬಹಳ ದಿನ ನಿಲ್ಲುವುದಿಲ್ಲ, ಮನೆ ಗಿನೆ ಬದಲಾಯಿಸುವ ವಿಚಾರವಿದ್ದರೆ ಈಗಲೇ ಮಾಡಿ, ಕಾಣುವಾಗ ನೋಡಿಕೊಂಡ ಜಾಗ ಕಾಣದಾಗಲೂ ನೆನಪಿರುತ್ತೆ ಎಂದರು.

ಇಬ್ಬರ ಮಾತೂ ಸರಿಯೇ. ಎರಡನ್ನೂ ಒಟ್ಟಿಗೆ ಪಾಲಿಸುವ ಹಾಗಿರಲಿಲ್ಲ, ಅಷ್ಟೆ.

ಇವರ ಹತ್ತಿರ ಈ ಮಾತೆತ್ತಿದರೆ ಟೀ ಲೋಟ ಹಿಡಿದು ಎದ್ದು ಹೋಗುತ್ತಿದ್ದರು. ಹರಾಜು ನಿಂತರೂ ನಿಲ್ಲಬಹುದು ಎನ್ನುವರು. ಯಾರು ನಿಲ್ಲಿಸುತ್ತಾರೆ ಎಂದು ಕೇಳಿದರೆ ಲಾರಿಯ ಕೀ ಹುಡುಕತೊಡಗುವರು. ನಾನಾದರೂ ಗಟ್ಟಿಯಾಗಿ ಹೇಳಿದೆನೇ? ಬಾಡಿಗೆಯಿಲ್ಲದ ಒಂದೊಂದು ತಿಂಗಳು ಕಳೆದಾಗಲೂ ನನ್ನ ಎದೆ ಅಷ್ಟು ಹಗುರವಾಗುತ್ತಿತ್ತು. ಮಗಳ ಫೀಸು ಕಟ್ಟಿದ್ದು ಆ ಹಗುರದಲ್ಲೇ. ಅಮ್ಮನಿಗೆ ನಾವು ಏನನ್ನೂ ಹೇಳಲಿಲ್ಲ. ಬ್ಯಾಂಕಿನ ಕಡೆಯವರು ಬಂದು ಕೋಣೆಗಳ ಅಳತೆ ತೆಗೆದ ದಿನ, ಇವರು ಅಮ್ಮನಿಗೆ ಪೇಂಟಿನವರು ಎಂದರು. ಅಮ್ಮ ತಲೆಯಾಡಿಸಿದಳು.

ಇವರಿಗೆ ಇನ್ನೊಂದು ಹೆದರಿಕೆಯಿತ್ತು. ಕೋರ್ಟಿನವರು ಎಬ್ಬಿಸಿದ ಮನೆಗಳಿಗೆ ಇವರೇ ಲಾರಿ ತೆಗೆದುಕೊಂಡು ಹೋದದ್ದುಂಟು. ಫುಟ್‌ಪಾತಿನ ಮೇಲೆ ಹಾಸಿಗೆ, ಅದರ ಮೇಲೆ ಅರ್ಧ ಬೆಂದ ಅನ್ನದ ಪಾತ್ರೆ, ಸುತ್ತ ನಿಂತು ನೋಡುವ ಜನ. ನಮ್ಮ ಸಾಮಾನು ಹಾಗೆ ಬೀದಿಗೆ ಬೀಳಬಾರದು, ಹೋಗುವುದು ಯಾವತ್ತಾದರೂ ಇರಲಿ, ಕಟ್ಟಿಯಾದರೂ ಇಟ್ಟಿರೋಣ ಎಂದರು. ಹೊರಡುವ ಮಾತನ್ನೇ ಆಡದ ಮನುಷ್ಯ ಇಷ್ಟಕ್ಕಾದರೂ ಒಪ್ಪಿದರಲ್ಲ ಎಂದು ನಾನೂ ಹೂಂಗುಟ್ಟಿದೆ.

ಮಗಳು ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ ದಿನ ಇಬ್ಬರೂ ರಜೆ ಹಾಕಿ ಕೆಲಸಕ್ಕೆ ಕೂತೆವು. ಏನು ಹೇಳಲಿ, ಎಷ್ಟೋ ತಿಂಗಳಲ್ಲಿ ಅಷ್ಟು ಖುಷಿಯಾಗಿದ್ದದ್ದು ಅದೊಂದೇ ದಿನ. ಇವರು ಪೆಟ್ಟಿಗೆ ಮಡಿಚಿ ಕೊಡುವರು, ನಾನು ತುಂಬುವೆ, ಇವರು ಹಲ್ಲಿನಲ್ಲಿ ಟೇಪು ಕಚ್ಚಿ ಹರಿಯುವರು. ಮಾತೇ ಬೇಕಿರಲಿಲ್ಲ. ನಮ್ಮ ಸಾಮಾನು ನೋಡಿ ನಮ್ಮ ಕಥೆ ಏನು ಹೇಳ್ತೀರಿ ಎಂದು ಛೇಡಿಸಿದೆ. ಇವರು ಎಲ್ಲ ತಿರುಗಿ ನೋಡಿ, ಒಳ್ಳೇ ಜನ, ಅಡ್ವಾನ್ಸ್ ಮಾತ್ರ ಮೊದಲೇ ಇಸ್ಕೋಬೇಕು ಎಂದರು. ಇಬ್ಬರೂ ನಕ್ಕೆವು. ಸಂಜೆಯ ಹೊತ್ತಿಗೆ ಪೆಟ್ಟಿಗೆಗಳೆಲ್ಲ ಗೋಡೆಗಳುದ್ದಕ್ಕೂ ಎದೆಯೆತ್ತರಕ್ಕೆ ಸಾಲಾಗಿ ಕೂತಿದ್ದವು. ನಡುವೆ ಲಾರಿಯನ್ನೇ ಒಳಗೆ ತರಬಹುದಾದಷ್ಟು ಜಾಗ. ಯಾವ ಗಿರಾಕಿಯಾದರೂ ಮೆಚ್ಚಿಕೊಳ್ಳುವಂಥ ಕೆಲಸ.

ಮಗಳು ಆಟೋದವನಿಗೆ ದುಡ್ಡು ಕೊಡುತ್ತ ಹಿಂದುಳಿದಳು. ಅಮ್ಮ ಎಂದಿನಂತೆ ತಾನೇ ಒಳಬಂದು ಚಪ್ಪಲಿ ಬಿಟ್ಟು ಗೋಡೆಗೆ ಕೈ ಚಾಚಿದಳು. ಕೈಗೆ ರಟ್ಟು ಸಿಕ್ಕಿತು. ಇನ್ನಷ್ಟು ಮುಂದಕ್ಕೆ ಚಾಚಿದಳು, ಮತ್ತೆ ರಟ್ಟು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅವಳು ಅದನ್ನೇ ಗೋಡೆಯೆಂದು ನಂಬಿ ಮೈಭಾರ ಬಿಟ್ಟಿದ್ದಳು. ಮೇಲಿನ ಪೆಟ್ಟಿಗೆ ಜಾರಿತು. ಬಲಗೈ ಕೆಳಗಾಗಿ ಬಿದ್ದಳು.

ನೆಲದ ಮೇಲೆ ಕೂತು, ಸುತ್ತ ಎಡಗೈ ಆಡಿಸಿ ಕೇಳಿದಳು.

"ಇದು ಯಾರ ಮನೆ?"



ಮಣಿಕಟ್ಟು ಮುರಿದಿತ್ತು. ಗೋಡೆ ಹಿಡಿಯುವ ಕೈಯೇ ಪ್ಲಾಸ್ಟರಿಗೆ ಹೋಯಿತು. ಇವರು ಪೆಟ್ಟಿಗೆಗಳನ್ನೆಲ್ಲ ಎಳೆದು ಕೋಣೆಗಳ ನಡುವೆ ರಾಶಿ ಹಾಕಿ ಗೋಡೆಗಳನ್ನು ಬಿಡಿಸಿದರು. ನಾವು ಮೂವರೂ ಆ ರಾಶಿಗಳನ್ನು ಸುತ್ತಿ ಬಳಸಿ ಓಡಾಡಿದೆವು. ಅಮ್ಮ ಮಾತ್ರ ಓಡಾಡಲಿಲ್ಲ. ಎಡಗೈಯಿಂದ ಹೋಗೋಣ ಅಜ್ಜಿ, ರಸ್ತೆ ಕ್ಲಿಯರ್ ಆಗಿದೆ ಎಂದು ಮಗಳು ಎಷ್ಟು ಕರೆದರೂ, ಮಂಚದ ಅಂಚು ಬಿಟ್ಟು ಏಳಲಿಲ್ಲ. ಎದ್ದರೂ ಮೊದಲು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡುವಳು, ಸುಳ್ಳುಗೋಡೆಯೋ ಏನೋ ಎನ್ನುವಂತೆ. ನಾವು ಅವಳಿಂದ ಮನೆಯನ್ನು ಬ್ಯಾಂಕಿಗಿಂತ ಮೊದಲೇ ಕಿತ್ತುಕೊಂಡಿದ್ದೆವು.

ಒಂದು ಮಧ್ಯಾಹ್ನ ಅವಳೇ ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡಳು.

"ಪೇಂಟಿನವರು ಇನ್ನೂ ಬರಲೇ ಇಲ್ವಲ್ಲ ಅಳಿಯಂದ್ರೇ" ಎಂದಳು.

ಇವರು ತಲೆ ತಗ್ಗಿಸಿದರು.

"ಅಳತೆ ಟೇಪು ಎಳೆದು ಬಿಟ್ಟಾಗ ಸರ್ರಂತ ವಾಪಸು ಹೋಗುತ್ತಲ್ಲ, ಅದು ಕೇಳಿಸಲ್ವಾ ನಂಗೆ? ಹೋಗಿರೋದು ಕಣ್ಣು, ಕಿವಿಯಲ್ಲ. ಮನೆ ಹೋಗ್ತಿದೆ. ಯಾವಾಗ ಬಿಡೋದು?"

ವಕೀಲರ ಮಾತನ್ನು ನಾನು ಹೇಳಿದೆ. ಡಾಕ್ಟರ ಮಾತನ್ನು ಹೇಳುವ ಧೈರ್ಯವಾಗದೆ ಅರ್ಧಕ್ಕೇ ನಿಲ್ಲಿಸಿದೆ. ಮಿಕ್ಕದ್ದು ಅವಳಿಗೇ ಗೊತ್ತಿತ್ತು. ತನ್ನ ಕಣ್ಣು ಎಷ್ಟು ಉಳಿದಿದೆಯೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಕಿಟಕಿ ಇನ್ನೂ ಕಾಣುತ್ತಿದೆ, ಕಿಟಕಿಯ ಸರಳು ಕಾಣುತ್ತಿಲ್ಲ ಎಂದಳು.

ಇನ್ನು ಸ್ವಲ್ಪ ದಿನ ನೋಡೋಣ ಅತ್ತೆ, ನಾನು ನಿಮಗೆ ಮಾತು ಕೊಟ್ಟಿದ್ದೀನಿ ಎಂದು ಇವರು ತೊದಲಿದರು.

"ನಿಮ್ಮ ಮಾತು ಉಳಿಸೋಕೆ ನಾನು ಕಣ್ಣು ಕಳ್ಕೊಂಡು ಕೂತಿರಬೇಕಾ? ಬೆಳಕು ಕಾಣೋವಾಗ್ಲೇ ಕರ್ಕೊಂಡು ಹೋಗಿ. ಕಿಟಕಿ ಎಲ್ಲಿ, ಬಾಗಿಲು ಎಲ್ಲಿ ಅಂತ ಒಂದ್ಸಲ ನೋಡಿಟ್ಕೊಂಡ್ರೆ ಸಾಕು. ಮಿಕ್ಕಿದ್ದು ಕೈ ನೋಡ್ಕೊಳ್ಳುತ್ತೆ."

ಇವರು ಅತ್ತರು. ಅಳಿಯ ಅತ್ತೆಯ ಮುಂದೆ ಅಳುವುದನ್ನು ನಾನು ನೋಡಬಾರದೆಂದು ಒಳಗೆ ಹೋದೆ.

ಅವತ್ತೇ ಹೊರಡಬೇಕಿತ್ತು. ಕೈಯ ಪ್ಲಾಸ್ಟರ್ ತೆಗೆಯಲಿ, ಒಂದೇ ಕೈಯಲ್ಲಿ ಹೊಸ ಮನೆ ಹೇಗೆ ಕಲಿಯುತ್ತಾಳೆ ಎಂದು ನಾನೇ ಹೇಳಿದೆ. ಅದು ನಿಜವೂ ಆಗಿತ್ತು. ಅಷ್ಟರಲ್ಲಿ ಇನ್ನೊಂದು ಬಾಡಿಗೆಯಷ್ಟು ದುಡ್ಡು ಉಳಿಯುತ್ತೆ ಎಂಬುದೂ ನಿಜ. ಯಾವ ನಿಜ ನನ್ನ ಬಾಯಿಂದ ಆ ಮಾತು ಹೊರಡಿಸಿತೋ, ಈಗಲೂ ಹೇಳಲಾರೆ. ಮೂಳೆ ಕೂಡುವುದು ತಡವಾಯಿತು. ಕಣ್ಣಿನ ಹನಿಗಳು ಕೆಲಸ ನಿಲ್ಲಿಸಿದ್ದು ಆ ದಿನಗಳಲ್ಲೇ.

ಸೈಕಲ್ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ವಕೀಲರು ಫೋನಿನಲ್ಲಿ ಬೈದರು, ಕೈಯಾರೆ ಕೆಡಿಸಿಕೊಳ್ತಿದ್ದೀರಿ ಎಂದರು. ದಿವಾಳಿ ಅರ್ಜಿ ನೋಡಿಕೊಳ್ಳುವ ಕೋರ್ಟಿನ ಅಧಿಕಾರಿಗೆ ತಿಳಿಸಿ, ಅವರು ಒಪ್ಪಿದ ಸಾಮಾನನ್ನಷ್ಟೇ ಲಾರಿಗೆ ಹಾಕಿದೆವು. ಲಾರಿ ಇವರ ಮಾಲೀಕರದು. ಪೆಟ್ಟಿಗೆಗಳನ್ನು ಇವರೇ ಹೊತ್ತರು, ಮೆಟ್ಟಿಲ ಮೇಲೆ ಒಬ್ಬರೇ. ನಾನು ಕೈ ಕೊಡಲು ಹೋದರೆ ಬೇಡವೆಂದರು. ಹೊಸ ಮನೆಯಲ್ಲಿ ಯಾವ ಪೆಟ್ಟಿಗೆಯನ್ನೂ ಗೋಡೆಗೆ ತಾಗಿಸಲಿಲ್ಲ.

ಅಮ್ಮನನ್ನು ಕೊನೆಗೆ ಹತ್ತಿಸಿಕೊಂಡು ಬಂದೆವು. ಕೆಳಗೆ ಯಾರೋ ಚಕ್ರದ ಕಡ್ಡಿಗಳನ್ನು ಟಿಂಗ್ ಟಿಂಗ್ ಎನ್ನಿಸುತ್ತಿದ್ದರು. ಅವಳು ಕೋಣೆಯ ನಡುವೆ ನಿಂತು ಮುಖವನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದಳು. ಹೊರಗೆ ಒಳ್ಳೇ ಬಿಸಿಲು.

"ಕಿಟಕಿ ಈ ಕಡೆ ಅಲ್ವಾ?" ಎಂದು ಕೇಳಿದಳು.

ಅವಳು ಕೈ ತೋರಿಸಿದ್ದು ಬರಿಗೋಡೆಯ ಕಡೆಗೆ. ಇವರು ಹೌದು ಅತ್ತೆ ಎಂದುಬಿಟ್ಟರು.

"ಅಲ್ಲ ಅಜ್ಜಿ, ನಿನ್ನ ಬೆನ್ನ ಹಿಂದೆ" ಎಂದಳು ಮಗಳು. "ಅಪ್ಪನ್ನ ದಾರಿ ಕೇಳಬೇಡ. ಬಾ, ನಾನು ತೋರಿಸ್ತೀನಿ."

ಹರಾಜು ಆ ಸಲ ಮುಂದಕ್ಕೆ ಹೋಯಿತು, ಆಮೇಲೆ ಕೊಳ್ಳುವವರಿಲ್ಲದೆ ಮತ್ತೂ ಮುಂದಕ್ಕೆ ಹೋಯಿತು. ಮನೆ ಇವತ್ತಿಗೂ ಖಾಲಿ ನಿಂತಿದೆ. ವಾರಕ್ಕೊಮ್ಮೆ ಇವರು ಹೋಗಿ ಅಂಗಳ ಗುಡಿಸಿ, ಬಾಗಿಲು ಭದ್ರವಿದೆಯೇ ನೋಡಿ ಬರುತ್ತಾರೆ. ಇನ್ನೂ ಅಲ್ಲೇ ಇರಬಹುದಿತ್ತು. ದುಡ್ಡಿನ ಲೆಕ್ಕದಲ್ಲಿ ನಾವು ತೀರ ಬೇಗ ಹೊರಟೆವು, ಕಣ್ಣಿನ ಲೆಕ್ಕದಲ್ಲಿ ತೀರ ತಡವಾಗಿ. ಸರಿಯಾದ ದಿನ ಒಂದಿತ್ತು. ಅದು ಯಾವುದೆಂದು ಈಗ ಗೊತ್ತು. ಅವತ್ತು ನಾವು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಯಾವಾಗ ತೆಗೀತೀರಿ ಎಂದು ಕೇಳುತ್ತ ಕೂತಿದ್ದೆವು.

ಅಮ್ಮ ಮಂಚದಿಂದ ಬಚ್ಚಲವರೆಗೆ ಒಬ್ಬಳೇ ಹೋಗುತ್ತಾಳೆ. ಅಡುಗೆಮನೆ ಇನ್ನೂ ಕೈಗೆ ಹತ್ತಿಲ್ಲ, ಮೆಟ್ಟಿಲಿನ ತಂಟೆಗೆ ಹೋಗುವುದಿಲ್ಲ. ಒಲೆಯ ಹತ್ತಿರ ಬರಬೇಕೆನಿಸಿದರೆ ಮಗಳನ್ನು ಕರೆಯುತ್ತಾಳೆ. ಅವಳು ಶಾಲೆಗೆ ಹೋಗಿದ್ದರೆ ಕೂತಲ್ಲೇ ಕೂರುತ್ತಾಳೆ.

ಇವರು ಕೊಟ್ಟ ಮಾತು ಉಳಿಯಲಿಲ್ಲ. ಅಮ್ಮ ಇನ್ನೊಂದು ಮನೆ ಕಲಿಯುತ್ತಿದ್ದಾಳೆ.