ಮಕ್ತುಮಬಿಯ ಬೈಗುಳ

"ಸಾವಕಾಶ ಹಾಕವಾ, ಮೂಗಿನ್ಯಾಗ ನೀರ ಹೋಗಬಾರದು," ಎಂದು ಹುಸೇನಬಿ ಹೇಳುವಷ್ಟರಲ್ಲಿ ಜಾಸ್ಮೀನಳ ಕೈಯಿಂದ ತಂಬಿಗೆ ಜಾರಿ ಬಿತ್ತು. ಸೀರೆ ಕಟ್ಟಿದ ಮರೆಯೊಳಗೆ, ಹಲಗೆಯ ಮೇಲೆ, ಅವಳ ತಾಯಿ ಮಕ್ತುಮಬಿ ಮಲಗಿದ್ದಳು. ನಿನ್ನೆ ಒಲೆಯ ಮುಂದೆ ಕೂತಲ್ಲೇ ಜೀವ ಹೋಗಿತ್ತು. ಹೊರಗೆ, ಬಂದರಿನ ಮೇಲಿನ ಗುಡ್ಡದ ಓಣಿಯಾದ ಸಡಾದ ಗಂಡಸರು ಜನಾಜಾ ಎತ್ತಲು ಕಾಯುತ್ತಿದ್ದರು.

"ನೀವ ತೊಳೀರಿ ಖಾಲಾ. ನಾ ಮುಟ್ಟಿದ್ದೆಲ್ಲಾ ಕೆಡತೈತಿ."

"ಯಾರ ಹೇಳಿದ್ರ ಹಂಗ?"

"ಇಕೀನ," ಎಂದು ಜಾಸ್ಮೀನ ತಾಯಿಯತ್ತ ಕೈ ತೋರಿಸಿದಳು.

ಸಡಾದಲ್ಲಿ ಸತ್ತ ಹೆಂಗಸರನ್ನು ತೊಳೆಯುವವಳು ಹುಸೇನಬಿ. ಜಾಸ್ಮೀನ ಹುಟ್ಟುವ ಮೊದಲು ಮಕ್ತುಮಬಿ ಕಳಕೊಂಡ ಎರಡು ಕೂಸುಗಳನ್ನೂ ಅವಳೇ ತೊಳೆದಿದ್ದಳು. "ಅವೆರಡೂ ಮಂದಿ ಕಣ್ಣಿನ ನದರು ತಾಗಿ ಹೋದ್ವು ಅಂತ ತಿಳಿದಿದ್ಲು. ನೀನರ ಉಳೀಲಿ ಅಂತ ಬೈತಿದ್ಲವಾ."

"ಗೊತ್ತೈತಿ ಖಾಲಾ, ಸಣ್ಣಾಕಿದ್ದಾಗಿಂದ ಗೊತ್ತೈತಿ. ಗೊತ್ತಾಗಿ ಏನ ಮಾಡ್ಲಿ? ಯಾರೂ ಇಲ್ದಾಗ ಬಾಗಲಾ ಹಾಕ್ಕೊಂಡರ ಒಮ್ಮೆ ಚಲೋ ಅನ್ನಬಾರದಿತ್ತಾ?"

*

ಮಕ್ತುಮಬಿ ಬಂದರಿನ ಲಾರಿ ಡ್ರೈವರುಗಳಿಗೆ ರೊಟ್ಟಿ ಬಡಿದು ಮಾರುತ್ತಿದ್ದಳು. ಬೈಗುಳಕ್ಕೂ ಅಷ್ಟೇ ಹೆಸರುವಾಸಿ. ಜಾಸ್ಮೀನ ಮೊದಲ ಸಲ ರೊಟ್ಟಿ ಬಡಿದ ದಿನ ಪಕ್ಕದ ಮನೆಯ ದೇವಿಬಾಯಿ, "ಅಬ್ಬಾ, ಎಷ್ಟ ತೆಳ್ಳಗ ಬಡದೈತಿ ಹುಡುಗಿ!" ಎಂದದ್ದೇ ತಡ, ಮಕ್ತುಮಬಿಯ ಮುಖ ಬಿಳಿಚಿತು.

"ಥೂ, ನಾಯಿನೂ ಮೂಸಂಗಿಲ್ಲ ಇವನ್ನ."

ಹಾಗೆಂದವಳು ಕೂತು ನಾಲ್ಕು ರೊಟ್ಟಿ ತಿಂದಳು. ತಾಯಿ ತಿಂದದ್ದನ್ನು ಹುಡುಗಿ ನೋಡಲಿಲ್ಲ, ಅಂದದ್ದನ್ನು ಮಾತ್ರ ಕೇಳಿಸಿಕೊಂಡಳು. ಮಕ್ಕಳು ಹಾಗೆಯೇ, ಏನು ಮಾಡುತ್ತೀರಿ!

ಮುಂದೆ, ತಾನು ಕೆಲಸಕ್ಕಿದ್ದ ಮಡ್ಕಯಿಯ ಕಾರ್ಖಾನೆಯವರು ಸೂಪರ್‌ವೈಸರ್ ಮಾಡುತ್ತೇವೆಂದು ಕರೆದಾಗ ಜಾಸ್ಮೀನ, "ನನಗ ಆಗಂಗಿಲ್ರಿ," ಎಂದು ಇದ್ದ ಕೆಲಸವನ್ನೂ ಬಿಟ್ಟು ಮನೆಗೆ ಬಂದಳು. ಅಂದು ಮಾತ್ರ ಮಕ್ತುಮಬಿ ಬೈಯಲಿಲ್ಲ. ಒಲೆಯನ್ನೂ ಹೊತ್ತಿಸಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

*

ಹುಸೇನಬಿ ತಂಬಿಗೆ ತುಂಬಿ ಮತ್ತೆ ಅವಳ ಕೈಗೇ ಕೊಟ್ಟಳು. ಜಾಸ್ಮೀನ ಹಣೆ ತೊಳೆದಳು, ರೊಟ್ಟಿ ಬಡಿದು ದಡ್ಡುಗಟ್ಟಿದ ಅಂಗೈ ತೊಳೆದಳು, ಕಾಲು ತೊಳೆದಳು.

"ಚಲೋ ಆತೇನ ಅಮ್ಮೀ? ಆತು ಅನ್ನು. ಇನ್ನೇನ ಒಯ್ತಾರ ನಿನ್ನ, ಒಮ್ಮೆ ಅನ್ನು!" ಎಂದು ತಾಯಿಯ ಭುಜ ಹಿಡಿದು ಅಲುಗಿಸಿದಳು. ಹುಸೇನಬಿ ಅವಳನ್ನು ಬಿಡಿಸಿ ಕಫನ್ ಹೊದಿಸಿದಳು.

ಜನಾಜಾ ಇಳಿಜಾರಿನಲ್ಲಿ ಮರೆಯಾಯಿತು. ಹೆಂಗಸರು ಅಂಗಳದಲ್ಲೇ ಉಳಿದರು. ಜಾಸ್ಮೀನಳ ಮಗಳು, ಎಂಟು ವರ್ಷದ ಮುಸ್ಕಾನ, ಬಂದವರಿಗೆಲ್ಲ ಬೆಳಗಿನಿಂದ ನೀರು ಕೊಡುತ್ತಿದ್ದಳು. ದೇವಿಬಾಯಿ ಅವಳ ತಲೆ ಸವರಿ, "ಎಷ್ಟ ಶಾಣ್ಯಾ ಐತ್ರಿ ಈ ಕೂಸು," ಎಂದಳು.

"ಏನ್ ಶಾಣ್ಯಾ, ಬರೇ ಸೆಗಣಿ ತುಂಬೈತಿ ತಲ್ಯಾಗ." ಜಾಸ್ಮೀನಳ ಬಾಯಿಂದ ತಾಯಿಯ ಮಾತೇ ಬಂತು.

ಮುಸ್ಕಾನ ತಲೆ ತಗ್ಗಿಸಿ, ಕೈಯಲ್ಲಿದ್ದ ಗ್ಲಾಸನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಜಾಸ್ಮೀನ ಅದನ್ನು ಕಂಡಳು. ಮಗಳ ಕೈ ಹಿಡಿದು ಎಳೆದುಕೊಂಡಳು. ಅಂಗಳದ ತುಂಬ ಮಂದಿ. ಎಲ್ಲರ ಕಣ್ಣೂ ಕೂಸಿನ ಮೇಲೆ.

"ಇಲ್ರಿ, ಸುಳ್ಳ ಹೇಳಿದೆ," ಎಂದು ಗಂಟಲು ಹರಿಯುವಂತೆ ಕೂಗಿದಳು. "ನನ್ನ ಮಗಳು ಭಾಳ ಶಾಣ್ಯಾ ಅದಾಳ್ರಿ. ಭಾಳ ಚಲೋ ಅದಾಳ!"

ಮುಸ್ಕಾನ ಬೆರಗಾಗಿ ತಲೆ ಎತ್ತಿದಳು. "ಅಮ್ಮೀ, ಕೈ ಬಿಡು. ನೋಯಾಕತ್ತೈತಿ."

ಜಾಸ್ಮೀನ ಬಿಡಲಿಲ್ಲ. ಆ ಸಣ್ಣ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಹಿಡಿದು, ಅಂಗಳದಲ್ಲಿದ್ದವರ ಕಣ್ಣುಗಳನ್ನು ಒಬ್ಬೊಬ್ಬರದಾಗಿ ನೋಡುತ್ತ ನಿಂತಳು.