ಬಲಕ್ಕೆ ವಾಲಿದ ಗಾಡಿ

"ಟೇಪು ಬಿಗಿಯಾಗಿ ಹಿಡಿಯಪ್ಪಾ ಅಂದ್ರೆ ಎಲ್ಲೋ ನೋಡ್ತಾ ಇದೀಯಲ್ಲ!" ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಕೋನಪ್ಪ ಗದರಿದ.

ಪಕ್ಕದಲ್ಲೇ ಮಲಗಿದ್ದ ಅಸ್ಗರ್ ಬೆಚ್ಚಿ, ಅಳತೆ ಟೇಪಿನ ತುದಿಯನ್ನು ಮತ್ತೆ ಗೇರ್‌ಬಾಕ್ಸಿಗೆ ಒತ್ತಿ ಹಿಡಿದ. ಅವನು ನೋಡುತ್ತಿದ್ದದ್ದು ಬಲಗಡೆಯ ಕಮಾನು ಪಟ್ಟೆಯನ್ನು. ಹಿಂದಿನ ಚಕ್ರದ ಮೇಲೆ ಗಾಡಿಯ ಭಾರ ಹೊರುವ ಆ ಉಕ್ಕಿನ ಪಟ್ಟೆ ಎಡಗಡೆಯದಕ್ಕಿಂತ ತಗ್ಗಿ, ಹೆಚ್ಚುಕಡಿಮೆ ಚಪ್ಪಟೆಯಾಗಿತ್ತು. ಗಾಡಿಯೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅದು ಬಲಕ್ಕೆ ವಾಲಿ ನಿಂತಿತ್ತು, ಡ್ರೈವರ್ ಸೀಟಿನಲ್ಲಿ ಅವನ ಅಣ್ಣ ದಸ್ತಗಿರ್ ಕೂತಿದ್ದಾಗ ನಿಲ್ಲುತ್ತಿದ್ದ ಹಾಗೇ.

ದಸ್ತಗಿರ್ ಸತ್ತು ವರ್ಷ ತುಂಬುತ್ತ ಬಂದಿತ್ತು. ಚಿಂತಾಮಣಿಯಿಂದ ಮುರುಗಮಲ್ಲದ ದರ್ಗಾಕ್ಕೆ ಈ ಹಳೇ ಡಾಜ್ ಕಾರಿನಲ್ಲಿ ಜನರನ್ನು ಸಾಗಿಸುತ್ತಿದ್ದವನು ಅವನು. ತಾನೊಬ್ಬನೇ ಇಬ್ಬರ ಜಾಗ ತುಂಬುವ ಆಳು. ಅದು ಸಾಲದೆಂದು ತನ್ನ ಬಲಗಡೆ ಬಾಗಿಲಿಗೂ ಒಬ್ಬನನ್ನು ಅಂಟಿಸಿಕೊಂಡು ಕೂರುತ್ತಿದ್ದ. "ಎಲ್ರೂ ಇಳೀಲಿ, ಆಮೇಲೆ ನಾನು" ಅನ್ನುವುದು ಅವನ ಪದ್ಧತಿ. ಕೊನೆಯ ದಿನವೂ ದರ್ಗಾದ ಮುಂದೆ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. ಎಲ್ಲರೂ ಇಳಿದರು. ಅವನು ಮಾತ್ರ ಇಳಿಯಲಿಲ್ಲ. ಪಾಪ, ಆಯಾಸಕ್ಕೆ ಕಣ್ಣು ಹತ್ತಿರಬೇಕು ಅಂದುಕೊಂಡು ಜನ ಎಬ್ಬಿಸಲೂ ಇಲ್ಲ.

ಅಂದಿನಿಂದ ಗಾಡಿ ಅಸ್ಗರನ ರಿಪೇರಿ ಷೆಡ್ಡಿನಲ್ಲೇ ಇತ್ತು. ದಸ್ತಗಿರನ ಹೆಂಡತಿ ಬಾನುವಿಗೆ ಅದನ್ನು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಕುಡುಮಲಕುಂಟೆಯ ಫ್ಯಾಕ್ಟರಿ ಕೆಲಸ ಬಿಟ್ಟು ಬಂದಿದ್ದ ಅವಳ ತಮ್ಮ ಖಲೀಮುಲ್ಲಾ ಗಾಡಿ ಓಡಿಸಲು ಒಪ್ಪಿದ್ದ. ಪೆಟ್ರೋಲ್ ಕುಡಿಯುವ ಹಳೇ ಎಂಜಿನ್ನಿಗೆ ಬದಲಾಗಿ, ಯಾವುದೋ ಜಜ್ಜಿಹೋದ ವ್ಯಾನಿನ ಡೀಸೆಲ್ ಎಂಜಿನ್ ತಂದು ಅಸ್ಗರನೇ ಕೂರಿಸಿದ್ದ. ಆದರೆ ಅದರ ಗೇರ್‌ಬಾಕ್ಸು ಉದ್ದ. ಎಂಜಿನ್ನಿನ ತಿರುವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಶಾಫ್ಟನ್ನು ಅಳೆದು ಗಿಡ್ಡ ಮಾಡಲೇಬೇಕಿತ್ತು. ಅಲ್ಲಿಗೆ ಬಂದು ಅಸ್ಗರನ ಕೈ ನಿಂತಿತು. ಇವತ್ತು ನಾಳೆ ಎಂದು ಮೀನಮೇಷ ಎಣಿಸುತ್ತಲೇ ಇದ್ದ. ಗೌರಿಬಿದನೂರಿನ ಗುಜರಿಯವನು ನಾಳೆ ಬರುವುದಾಗಿ ಹೇಳಿಕಳಿಸಿದ್ದ. ಅಷ್ಟರೊಳಗೆ ಗಾಡಿ ಅಲುಗದಿದ್ದರೆ ಅವನ ಪಾಲು ಎಂದು ಬಾನು ಕಡ್ಡಿ ಮುರಿದ ಹಾಗೆ ಹೇಳಿದ್ದಳು.

ಶಾಫ್ಟು ಕತ್ತರಿಸಿ ಕೊಡಬೇಕಿದ್ದ ಲೇತಿನ ಕೋನಪ್ಪ ಟೇಪು ಬಿಟ್ಟು ಪಟ್ಟೆಯ ಮೇಲೆ ಬೆರಳಾಡಿಸಿದ.

"ಇದರಾಗೆ ಜೀವ ಇಲ್ಲ ಕಣೋ. ಬಿಚ್ಚಿ ಕಮ್ಮಾರನ ಹತ್ರ ಬಗ್ಗಿಸ್ಕೊಂಡ್ ಬಾ. ಗಾಡಿ ನೆಟ್ಟಗೆ ನಿಂತ ಮೇಲೆ ಅಳೆಯಣ."

"ಬೇಡ. ಹಿಂಗೇ ಅಳೆ."

"ಏಮಪ್ಪಾ, ತಲೆ ನೆಟ್ಟಗೈತಾ? ಜನ ತುಂಬಿದಾಗ ಇದು ಕುಸಿದು ಶಾಫ್ಟು ಹೋಗಿ ಗೇರ್‌ಬಾಕ್ಸಿಗೆ ಗುದ್ದುತೈತೆ. ಓಡೋ ಗಾಡೀಲಿ ಮುರಿದು ನೆಲಕ್ಕೆ ನಾಟಿಕೊಂಡ್ರೆ ಏನ್ ಗತಿ? ಹಿಂಗೆ ಅಳೆದು ನಾನು ಕತ್ತರಿಸಲ್ಲಪ್ಪ."

ಮೆಕ್ಯಾನಿಕ್ಕಾಗಿ ಅಸ್ಗರನಿಗೆ ಇದು ಗೊತ್ತಿಲ್ಲದ ಸಂಗತಿಯೇ? ಆದರೆ ದಿನಾ ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದಾಗ ವಾಲಿ ನಿಂತ ಗಾಡಿಯನ್ನು ನೋಡಿ ಅವನು ಮನಸ್ಸಿನಲ್ಲೇ ಸಲಾಂ ಹೇಳುತ್ತಿದ್ದ. ಪಟ್ಟೆ ನೆಟ್ಟಗಾದರೆ ಅಣ್ಣ ಆ ಸೀಟು ಬಿಟ್ಟು ಎದ್ದ ಹಾಗೆ. ಅವನಿಗೆ ಹೆದರಿಕೆಯಾಗುತ್ತಿತ್ತು. ಇದನ್ನೆಲ್ಲ ಕೋನಪ್ಪನಂಥವನಿಗೆ ಹೇಳಲಾಗುತ್ತದೆಯೇ?

"ಜನ ಕೂರಿಸಿಯೇ ನೋಡಣ. ತಡ್ಕೊಳ್ತೈತೆ," ಎಂದು ಹಟದಿಂದ ಆಚೆ ತೆವಳಿ ಬಂದ.

ಗುರುವಾರವಾದ್ದರಿಂದ ಷೆಡ್ಡಿನ ಮುಂದೆ ಮುರುಗಮಲ್ಲದ ಬಸ್ಸಿಗೆ ಕಾಯುವವರಿಗೆ ಬರವಿರಲಿಲ್ಲ. "ಸ್ವಲ್ಪ ಹೊತ್ತು ಕೂತ್ಕೊಳ್ರಪ್ಪಾ, ಅಳತೆಗೆ," ಎಂದು ಕರೆದದ್ದೇ ತಡ, ಗಂಡಸರು ಹೆಂಗಸರು ಮಕ್ಕಳು ಗಂಟುಮೂಟೆ ಸಮೇತ ನುಗ್ಗಿದರು. "ಬಸ್ಸಿಗಿಂತ ಇದೇ ವಾಸಿ ನಾಯನಾ, ಕುಲುಕಾಡೋದಿಲ್ಲ," ಎಂದು ಗಂಗುಲಮ್ಮ ಎಂಬ ಮುದುಕಿ ಅಂದಳು. ಎಲ್ಲರೂ ನಕ್ಕರು.

ಡ್ರೈವರ್ ಸೀಟು ಮಾತ್ರ ಖಾಲಿ ಉಳಿಯಿತು. ಖಲೀಮುಲ್ಲಾ ಬಾಗಿಲು ತೆರೆದವನು, ದಸ್ತಗಿರನ ಭಾರಕ್ಕೆ ಸೀಟಿನಲ್ಲಿ ಬಿದ್ದಿದ್ದ ಗುಂಡಿ ನೋಡಿ ಹಿಂದೆ ಸರಿದ. ಗಾಳಿಗೆ ಹಾರುವಂಥ ಹುಡುಗ, ಮುಖ ಬಿಳಿಚಿಕೊಂಡಿತ್ತು.

"ಅಲ್ಲಿ ಭಾವ... ನಾನು ಆಮೇಲೆ ಕೂರ್ತೀನಿ."

ಬುತ್ತಿ ತಂದಿದ್ದ ಬಾನು ಅವನನ್ನೊಮ್ಮೆ ನೋಡಿದಳು. ಬುತ್ತಿಯನ್ನು ಅವನ ಕೈಗೆ ಕೊಟ್ಟು, ಸೆರಗು ಬಿಗಿದುಕೊಂಡು ತಾನೇ ಹತ್ತಿ ಕೂತಳು. ಗಂಡ ಬದುಕಿದ್ದಷ್ಟು ದಿನವೂ ಹಿಂದಿನ ಸೀಟಿನಲ್ಲೇ ಕೂತವಳು ಅವಳು.

ಅಸ್ಗರ್ ಗಾಡಿಯ ಕೆಳಗೆ ಸೇರಿಕೊಂಡ. ಬಾನುವಿನ ಭಾರವೆಷ್ಟು, ಒಂದು ಹಿಡಿ. ಆದರೂ ಪಟ್ಟೆ ಇನ್ನಷ್ಟು ತಗ್ಗಿ, ಚಕ್ರದ ಅಚ್ಚು ಗಾಡಿಯ ಚಾಸಿ ಚೌಕಟ್ಟಿಗೆ ತಾಗಿ 'ಟಕ್' ಎಂದಿತು.

"ಏನದು ಸದ್ದು?" ಮೇಲಿಂದ ಬಾನು ಕೇಳಿದಳು.

"ಪಟ್ಟೆ ಸತ್ತೋಗೈತಮ್ಮಾ," ಕೋನಪ್ಪ ಕೂಗಿ ಹೇಳಿದ. "ಬಗ್ಗಿಸಿ ನೆಟ್ಟಗೆ ಮಾಡ್ಬೇಕು ಅಂದ್ರೆ ನಿನ್ ಮೈದ್ನ ಒಪ್ತಾ ಇಲ್ಲ."

"ಯಾಕೆ ಭೈಯ್ಯಾ?"

ಅಸ್ಗರನ ಮುಖದ ಮೇಲೆ ಗಾಡಿಯ ತಳ ಇಷ್ಟೇ ದೂರದಲ್ಲಿತ್ತು. ಆ ತಳಕ್ಕೇ ಹೇಳುವ ಹಾಗೆ ಹೇಳಿದ.

"ಅಣ್ಣ ಕೂತಂಗೇ ಐತಲ್ಲ ಭಾಭಿ."

ಒಳಗೆ ಯಾವುದೋ ಮಗು ಕೆಮ್ಮಿತು. ಮೇಲೆ ಸೀಟು ಕಿರುಗುಟ್ಟಿ, ಬಾನುವಿನ ದನಿ ಕೇಳಿತು.

"ಹೌದು. ಇಲ್ಲಿ ಗುಂಡಿ ಬಿದ್ದೈತೆ. ನಡುವೆ ಕೂತ್ರೂ ನನ್ನ ಈ ಕಡೆಗೇ ಎಳ್ಕೊಂತೈತೆ." ಆಮೇಲೆ ಹಿಂದೆ ತಿರುಗಿ ಅಂದಳು: "ಇಳೀರಮ್ಮಾ, ಎಲ್ರೂ ಇಳೀರಿ."

ಒಬ್ಬೊಬ್ಬರಾಗಿ ಇಳಿದರು. ಎಡಗಡೆಯ ಪಟ್ಟೆ ಬಾಗಿ ಮೇಲೆದ್ದಿತು. ಬಲಗಡೆಯದು ಇದ್ದಲ್ಲೇ ಇತ್ತು. ಎಲ್ಲರೂ ಇಳಿದು ಮುಗಿದ ಮೇಲೆ ಮುಂದಿನ ಚಕ್ರದ ಪಕ್ಕದಲ್ಲಿ ಬಾನುವಿನ ಸವೆದ ಚಪ್ಪಲಿಗಳು ನೆಲ ಮುಟ್ಟಿದವು.

ಬಾಗಿಲು ಮುಚ್ಚಿದ ಸದ್ದು ಬರಲಿಲ್ಲ. ಅಸ್ಗರ್ ತಲೆ ಹೊರಳಿಸಿ ನೋಡಿದ. ಆ ಪಾದಗಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟ ಹಾಗೆ ನಿಂತಿದ್ದವು. ರಸ್ತೆಯಲ್ಲಿ ಬಸ್ಸು ಬಂತು, ಜನ ಓಡಿದರು, ಬಸ್ಸು ಹೋಯಿತು. ಬಾನು ಬಾಗಿಲು ಹಿಡಿದು ನಿಂತೇ ಇದ್ದಳು.

ಕೊನೆಗೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅಸ್ಗರ್ ಕೈ ಚಾಚಿದ. ಕೋನಪ್ಪ ಅದರಲ್ಲಿ ಸ್ಪ್ಯಾನರ್ ಇಟ್ಟ. ಪಟ್ಟೆಯ ಮೊದಲ ನಟ್ಟು ತುಕ್ಕಿಗೆ ಕಚ್ಚಿಕೊಂಡಿತ್ತು. ಅವನು ಎರಡೂ ಕೈಯಿಂದ ಹಿಡಿದು ತಿರುಗಿಸತೊಡಗಿದ.